ಶೂಗೆ ಹೂ, ಊಟಕ್ಕೆ ಕೈ: ಪುಟ್ಟ ಮಕ್ಕಳ ಜೊತೆ ಮನೆಯಲ್ಲಿ ಮಾವೊರಿ ಮಾತಾಡುವುದು ಹೇಗೆ

ಹೋದ ವರ್ಷ ಒಂದು ಸಂಜೆ ಹಾಸನದಲ್ಲಿರುವ ನಮ್ಮಮ್ಮನ ಜೊತೆ ವಿಡಿಯೋ ಕಾಲ್‌ನಲ್ಲಿದ್ದೆ. ಮೂರೂವರೆ ವರ್ಷದ ಮಗಳು ಮನೆಯೆಲ್ಲಾ ಹುಡುಕುತ್ತಾ "ಅಮ್ಮಾ, ನನ್ನ ಹೂ ಎಲ್ಲಿ?" ಅಂತ ಕೇಳಿದಳು. ಅಲ್ಲಿಂದ ಅಮ್ಮನಿಗೆ ಖುಷಿಯೋ ಖುಷಿ. "ಹೂ ಮುಡ್ಕೊಳ್ತೀಯಾ ಪುಟ್ಟಿ? ಮಲ್ಲಿಗೆ ಸಿಗುತ್ತಾ ಅಲ್ಲಿ?" ಅಂದರು. ಅಷ್ಟರಲ್ಲಿ ಮಗಳು ಸೋಫಾ ಕೆಳಗಿನಿಂದ ಒಂದು ಶೂ ಎಳೆದು ಕ್ಯಾಮೆರಾ ಮುಂದೆ ಹಿಡಿದಳು. ಮಾವೊರಿಯಲ್ಲಿ, ಅಂದರೆ ನ್ಯೂಜಿಲೆಂಡಿನ ಮೂಲನಿವಾಸಿಗಳ ಭಾಷೆಯಲ್ಲಿ, ಶೂಗೆ "ಹೂ" ಅನ್ನುತ್ತಾರೆ.

ನಾವಿರುವುದು ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ. ಈ ಊರಿಗೆ ಮಾವೊರಿ ಹೆಸರು ಕಿರಿಕಿರಿರೊವ. ಕಿರಿಕಿರಿ ಅಂದರೆ ಇಲ್ಲಿ ಸಣ್ಣ ಜಲ್ಲಿಕಲ್ಲು, ರೊವ ಅಂದರೆ ಉದ್ದ. ಇಲ್ಲಿನ ಕಿಂಡರ್‌ಗಾರ್ಟನ್‌ಗಳಲ್ಲಿ ಮಕ್ಕಳು ದಿನವೂ ಒಂದಿಷ್ಟು ಮಾವೊರಿ ಕೇಳಿಸಿಕೊಳ್ಳುತ್ತಾರೆ. 1996ರಲ್ಲಿ ಬಂದ "ತೆ ಫಾರಿಕಿ" ಅನ್ನುವ ಪಠ್ಯಕ್ರಮವೇ ಆ ಭಾಷೆಗೂ ಅದರ ಪದ್ಧತಿಗಳಿಗೂ ಜಾಗ ಕೊಟ್ಟಿದೆ. ಫಾರಿಕಿ ಅಂದರೆ ಹೆಣೆದ ಚಾಪೆ. ಮಕ್ಕಳು ಆ ಪದಗಳನ್ನು ಬಾಯಲ್ಲಿಟ್ಟುಕೊಂಡು ಮನೆಗೆ ಬರುತ್ತಾರೆ. ಮನೆಯಲ್ಲಿ ತಿರುಗಿ ಮಾತಾಡುವವರು ಯಾರೂ ಇಲ್ಲದಿದ್ದರೆ ಅವು ಬಾಗಿಲಲ್ಲೇ ಉದುರಿಹೋಗುತ್ತವೆ. ನಮ್ಮ ಮನೆಯಲ್ಲಿ ಉದುರಬಾರದು ಅಂತ ಎರಡು ವರ್ಷದಿಂದ ನಾನೂ ನನ್ನ ಗಂಡನೂ ಕಲಿಯುತ್ತಿದ್ದೇವೆ. ನಾನು ಮಾವೊರಿಯವಳಲ್ಲ, ಭಾಷೆಯ ಟೀಚರೂ ಅಲ್ಲ. ಪುಟ್ಟ ಮಕ್ಕಳಿರುವ ಮನೆಯಲ್ಲಿ ನಡೆಯುವುದು ಏನು, ನಡೆಯದಿರುವುದು ಏನು ಅನ್ನುವುದು ಮಾತ್ರ ಗೊತ್ತು. ಅದನ್ನೇ ಹೇಳುತ್ತೇನೆ.

ಶುರು ಮಾಡುವ ಮುಂಚೆ: ಯಾರ ಜಾಗ ಬಿಡಿಸಬೇಕು?

ನಮ್ಮ ಕಡೆಯ ಅಪ್ಪ ಅಮ್ಮಂದಿರು ಮೊದಲು ಕೇಳುವ ಪ್ರಶ್ನೆ ಒಂದೇ. "ಮಕ್ಕಳಿಗೆ ಕನ್ನಡ ಉಳಿಸುವುದೇ ಕಷ್ಟವಾಗಿದೆ, ಇದರ ಮಧ್ಯೆ ಇನ್ನೊಂದು ಭಾಷೆ ಯಾಕೆ?"

ಸರಿಯಾದ ಭಯವೇ. ಹಾಗಾಗಿ ಒಂದು ಕೆಲಸ ಮಾಡಿ. ಒಂದು ದಿನ ನಿಮ್ಮ ಮಾತನ್ನು ನೀವೇ ಗಮನಿಸಿ. "ಶೂಸ್ ತೆಗಿ", "ಹ್ಯಾಂಡ್ಸ್ ವಾಶ್ ಮಾಡು", "ಕಮ್ ಫಾಸ್ಟ್", "ಸಿಟ್ ಡೌನ್", "ಗುಡ್ ಮಾರ್ನಿಂಗ್", "ಗುಡ್ ನೈಟ್". ನಮ್ಮ ಮನೆಯಲ್ಲಿ ಎಣಿಸಿದಾಗ ಇಂಥವು ಇಪ್ಪತ್ತಕ್ಕೂ ಜಾಸ್ತಿ ಸಿಕ್ಕವು. ಅವು ಕನ್ನಡ ಯಾವತ್ತೋ ಬಿಟ್ಟುಕೊಟ್ಟಿದ್ದ ಜಾಗಗಳು. ಮಾವೊರಿಯನ್ನು ಅಲ್ಲಿ ಕೂರಿಸಿ. ಕನ್ನಡದ ಜಾಗಕ್ಕೆ ಕೈ ಹಾಕಬೇಡಿ. ಕಥೆ, ಜೋಗುಳ, ಅಜ್ಜಿಯ ಫೋನು, ಮುನಿಸು, ಮುದ್ದು ಎಲ್ಲಾ ಕನ್ನಡದಲ್ಲೇ ಇರಲಿ. ಈ ಲೇಖನದಲ್ಲಿ ನೀವು ಒಂದೇ ಒಂದು ಮಾತು ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ, ಯಾಕೆಂದರೆ ಇದು ಸರಿಯಾದರೆ ಎರಡು ಭಾಷೆಗಳೂ ಜಗಳವಿಲ್ಲದೆ ಒಂದೇ ಮನೆಯಲ್ಲಿ ಇರುತ್ತವೆ.

ಇನ್ನು ಯಾಕೆ ಅನ್ನುವ ಪ್ರಶ್ನೆ. ಈ ನೆಲದ ಭಾಷೆ ಇದು. ಸ್ಕೂಲಿನಲ್ಲಿ ಮಾವೊರಿ ಮಾತಾಡಿದ್ದಕ್ಕೆ ಮಕ್ಕಳಿಗೆ ಹೊಡೆಯುತ್ತಿದ್ದ ಕಾಲ ಇತ್ತು. ಹಾಗೆ ಏಟು ತಿಂದವರು ದೊಡ್ಡವರಾದ ಮೇಲೆ ತಮ್ಮ ಮಕ್ಕಳಿಗೆ ಆ ನೋವು ಬೇಡ ಅಂತ ಇಂಗ್ಲಿಷಿನಲ್ಲೇ ಮಾತಾಡಿದರು. ಭಾಷೆ ಕಳೆದುಹೋಗಿದ್ದು ಮನೆಯೊಳಗೆ. 1972ರ ಸೆಪ್ಟೆಂಬರ್ 14ರಂದು ಮಾವೊರಿ ಯುವಕರು ಮೂವತ್ತು ಸಾವಿರಕ್ಕೂ ಹೆಚ್ಚು ಸಹಿಗಳಿದ್ದ ಮನವಿಯನ್ನು ಸಂಸತ್ತಿಗೆ ಒಯ್ದು, ಸ್ಕೂಲುಗಳಲ್ಲಿ ಈ ಭಾಷೆ ಕಲಿಸಿ ಅಂತ ಕೇಳಿದರು. 1982ರಲ್ಲಿ ವೆಲಿಂಗ್ಟನ್ ಹತ್ತಿರದ ವೈನುಯಿಯೊಮತದಲ್ಲಿ ಮೊದಲ "ಕೋಹಙ ರೆಯೊ" ಶುರುವಾಯಿತು. ಅಂದರೆ ಭಾಷೆಯ ಗೂಡು. ಅಲ್ಲಿ ಅಜ್ಜ ಅಜ್ಜಿಯರು ಪುಟ್ಟ ಮಕ್ಕಳ ಜೊತೆ ಮಾವೊರಿಯಲ್ಲೇ ಮಾತಾಡುತ್ತಿದ್ದರು. 1987ರಲ್ಲಿ ಅದು ದೇಶದ ಅಧಿಕೃತ ಭಾಷೆಯಾಯಿತು. ಮನೆಯಲ್ಲಿ ಕಳೆದದ್ದನ್ನು ಅವರು ಮತ್ತೆ ಪುಟ್ಟ ಮಕ್ಕಳ ಮೂಲಕ ಮನೆಗೆ ತಂದರು. ಬೇರೆ ದೇಶದಿಂದ ಬಂದು ಇಲ್ಲಿ ಮನೆ ಮಾಡಿಕೊಂಡ ನಮಗೆ ಇದು ಅರ್ಥವಾಗದೆ ಇರುತ್ತದಾ?

ಮೊದಲು ಕಿವಿ, ಆಮೇಲೆ ಬಾಯಿ

ಇಲ್ಲಿ ನಮಗೆ ಒಂದು ದೊಡ್ಡ ಅನುಕೂಲ ಇದೆ. ಮಾವೊರಿಗೆ ಐದು ಸ್ವರ, ಪ್ರತಿಯೊಂದಕ್ಕೂ ಹ್ರಸ್ವ ಮತ್ತು ದೀರ್ಘ. ಅ ಆ, ಎ ಏ, ಇ ಈ, ಒ ಓ, ಉ ಊ. ನಾವು ಸ್ಲೇಟಿನ ಮೇಲೆ ತಿದ್ದಿದ್ದೇ ಅಲ್ವಾ? ಇಂಗ್ಲಿಷ್ ಮಾತ್ರ ಗೊತ್ತಿರುವವರು ಎ ಮತ್ತು ಏ ನಡುವಿನ ವ್ಯತ್ಯಾಸ ಕಲಿಯಲು ಒದ್ದಾಡುತ್ತಾರೆ, ನಮಗೆ ಅದು ಹುಟ್ಟಿನಿಂದ ಬಂದಿದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ದೀರ್ಘ ಸ್ವರದ ತಲೆಯ ಮೇಲೆ ಒಂದು ಗೆರೆ ಹಾಕುತ್ತಾರೆ. ನಮ್ಮ ಊರಿರುವ ವೈಕತೊ ಪ್ರದೇಶದ ಕಡೆ ಗೆರೆಯ ಬದಲು ಅಕ್ಷರವನ್ನೇ ಎರಡು ಸಲ ಬರೆಯುವುದೂ ಇದೆ. ಪ್ರತಿ ಉಚ್ಚಾರಾಂಶವೂ ಸ್ವರದಲ್ಲೇ ಮುಗಿಯುತ್ತದೆ, ಬಸ್ಸನ್ನು "ಬಸ್ಸು" ಮಾಡಿಕೊಂಡ ನಮ್ಮ ನಾಲಿಗೆಗೆ ಇದೂ ಸುಲಭ.

ಹಾಗಾಗಿ ನನ್ನ ಸಲಹೆ: ವಾಕ್ಯಗಳನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. ಇಂಗ್ಲಿಷ್ ಅಕ್ಷರ ನೋಡಿದ ಕೂಡಲೇ ಬಾಯಿ ಇಂಗ್ಲಿಷಿನ ಕಡೆ ತಿರುಗುತ್ತದೆ. ಕನ್ನಡದಲ್ಲಿ ಬರೆದರೆ ತ ಅಂದರೆ ತ, ರ ಅಂದರೆ ರ. ಕ, ಪ ಕೂಡ ನಮ್ಮ ಅಲ್ಪಪ್ರಾಣಗಳೇ. ಈ ಲೇಖನದಲ್ಲೂ ಹಾಗೇ ಬರೆದಿದ್ದೇನೆ, ದೀರ್ಘ ಇರುವ ಕಡೆ ಮಾತ್ರ ದೀರ್ಘ ಎಳೆಯಿರಿ. "ಕೆಕೆ" ಅಂದರೆ ತಿನ್ನುವ ಕೇಕು, "ಕೇಕೇ" ಅಂದರೆ ಕಂಕುಳು. ನಮಗೆ ಕೇಕು ಅಂತ ಎಳೆದು ಹೇಳಿ ಅಭ್ಯಾಸ, ಅದಕ್ಕೇ ಹುಟ್ಟುಹಬ್ಬದ ದಿನ ಸ್ವಲ್ಪ ಎಚ್ಚರ ಬೇಕು. "ವೇತಾ" ಅಂದರೆ ಇಲ್ಲಿನ ದೊಡ್ಡ ಜೀರುಂಡೆಯಂಥ ಹುಳ, "ವೆತ" ಅಂದರೆ ಕಕ್ಕ.

ಎರಡು ಅಕ್ಷರ ಮಾತ್ರ ಕಲಿಯಬೇಕು. ಒಂದು ಫ. ಇದು ನಮ್ಮ ಫಲದ ಮಹಾಪ್ರಾಣ ಅಲ್ಲ, ಫ್ಯಾನಿನ ಫ. ಕೆಲವು ಪ್ರದೇಶಗಳಲ್ಲಿ ಬೇರೆ ಥರ ಹೇಳುತ್ತಾರೆ, ಹೆಚ್ಚಿನ ಕಡೆ ಇದೇ. ಇನ್ನೊಂದು ಙ. ವರ್ಣಮಾಲೆಯಲ್ಲಿ ಕಲಿತು ಬಿಟ್ಟುಬಿಟ್ಟ ಈ ಅಕ್ಷರ ನನಗೆ ನಲವತ್ತು ವರ್ಷದ ಹತ್ತಿರ ಬಂದಾಗ ಉಪಯೋಗಕ್ಕೆ ಬಂತು ಅನ್ನುವ ಸಂತೋಷ ಏನು ಹೇಳಲಿ! "ಅಂಗಡಿ" ಅನ್ನಿ, ಗ ಬರುವ ಮುಂಚೆ ನಿಲ್ಲಿಸಿ. ಅಲ್ಲಿ ಮೂಗಿನಲ್ಲಿ ನಿಲ್ಲುತ್ತದಲ್ಲ, ಅದೇ ಙ. ಈಗ ಅದರಿಂದಲೇ ಪದ ಶುರು ಮಾಡಿ. "ಙೆರು", ಬೆಕ್ಕು. ಹತ್ತು ಸಲ ಹೇಳಿದರೆ ಬರುತ್ತದೆ. ಮಕ್ಕಳಿಗೆ ಒಂದೇ ಸಲಕ್ಕೆ ಬರುತ್ತದೆ. ದಕ್ಷಿಣ ದ್ವೀಪದಲ್ಲಿರುವವರು ಒಂದು ವಿಷಯ ಗಮನಿಸಿ, ಅಲ್ಲಿನ ಕಾಯಿ ತಹು ಜನ ಙ ಇರುವ ಕಡೆ ಕ ಅನ್ನುತ್ತಾರೆ. ನಮ್ಮ ಧಾರವಾಡ, ಮೈಸೂರು, ಕುಂದಾಪುರ ಇದ್ದ ಹಾಗೆ ಅಂದುಕೊಳ್ಳಿ. ನಿಮ್ಮ ಊರಿನ ಟೀಚರು ಹೇಗೆ ಹೇಳುತ್ತಾರೋ ಹಾಗೇ ಹೇಳಿ.

ಇನ್ನೊಂದು ಸಣ್ಣ ಮಾತು. ಮಾವೊರಿಯ ಹ್ರಸ್ವ ಅ ನಮ್ಮದಕ್ಕಿಂತ ಸ್ವಲ್ಪ ಬಾಯಿ ತೆರೆದು ಬರುತ್ತದೆ, ಗಿಡ್ಡ ಆ ಥರ. ಇದನ್ನು ಬರೆದು ತೋರಿಸಲು ಆಗುವುದಿಲ್ಲ. "ತೆ ಅಕ" ಅನ್ನುವ ಮಾವೊರಿ ನಿಘಂಟು ಇಂಟರ್ನೆಟ್ಟಿನಲ್ಲಿ ಉಚಿತವಾಗಿದೆ, ಪದಗಳ ಉಚ್ಚಾರಣೆ ಕೇಳಿಸುತ್ತದೆ. ಹೊಸ ಪದ ಮನೆಗೆ ತರುವ ಮುಂಚೆ ಅಲ್ಲಿ ಒಮ್ಮೆ ಕೇಳಿ.

ಒಂದು ಜಾಗ, ಒಂದು ಮಾತು

ನಾನು ಮೊದಲು ಮಾಡಿದ್ದು ನೋಟ್‌ಬುಕ್ಕಿನಲ್ಲಿ ಪದಗಳ ಪಟ್ಟಿ. ಬಣ್ಣ, ಪ್ರಾಣಿ, ಹಣ್ಣು. ಎರಡು ತಿಂಗಳಾದರೂ ಒಂದೂ ಮಾತಾಗಲಿಲ್ಲ. ಆಮೇಲೆ ಕಿಂಡರ್‌ಗಾರ್ಟನ್‌ನ ಒಬ್ಬ ಟೀಚರು ಹೇಳಿದರು: ಪದ ಬೇಡ, ಜಾಗ ಹಿಡಿಯಿರಿ. ಬಾಗಿಲು ಅಂದರೆ ಒಂದು ವಾಕ್ಯ. ಬಾಗಿಲಿಗೆ ಬಂದಾಗಲೆಲ್ಲ ಅದೇ ವಾಕ್ಯ, ಬೇರೆ ಭಾಷೆಯಲ್ಲಿ ಹೇಳಲೇ ಕೂಡದು. ಅದು ನಾಲಿಗೆಗೆ ಹತ್ತಿದ ಮೇಲೆ ಮುಂದಿನ ಜಾಗ. ನಮಗೆ ಒಂದು ಜಾಗಕ್ಕೆ ಒಂದೊಂದು ವಾರ ಸಾಕಾಯಿತು, ಕೆಲವಕ್ಕೆ ಮೂರು ವಾರ ಬೇಕಾಯಿತು.

ಬಾಗಿಲು. "ತಙೊಹಿಯ ಓ ಹೂ". ನಿನ್ನ ಶೂ ತೆಗಿ. ಒಂದು ಚೀಟಿಯಲ್ಲಿ ಬರೆದು ಶೂ ರ‍್ಯಾಕಿನ ಮೇಲೆ, ನಿಮ್ಮ ಕಣ್ಣಿನ ಎತ್ತರಕ್ಕೆ ಅಂಟಿಸಿ. ಚೀಟಿ ಇರುವುದು ಮಗುವಿಗಲ್ಲ, ನಿಮಗೆ. ಹೊರಡುವಾಗ "ಕೆಯಿ ಹೆಯ ಓ ಹೂ?", ಶೂ ಎಲ್ಲಿ? ಅವಸರಕ್ಕೆ "ಕಿಯ ತೆರೆ!" ತೆರೆ ಅಂದರೆ ಇಲ್ಲಿ ಬೇಗ, ಬಾಗಿಲು ತೆರೆಯುವುದಲ್ಲ. ಕಾಯಬೇಕಾದರೆ "ತೈಹೊವ".

ಬಚ್ಚಲು. "ಹೊರೊಯಿಯ ಓ ರಿಙರಿಙ", ಕೈ ತೊಳಿ. "ತೈತೈಯ ಓ ನಿಹೊ", ಹಲ್ಲುಜ್ಜು. ಟಾಯ್ಲೆಟ್ಟಿಗೆ "ಫರೆಪಕು". ಕಿಂಡರ್‌ಗಾರ್ಟನ್‌ನಲ್ಲಿ ಮಕ್ಕಳು ಕಲಿಯುವ ಮೊದಲ ಪದಗಳಲ್ಲಿ ಇದೂ ಒಂದು. ನಿಮಗೆ ಗೊತ್ತಿಲ್ಲದೇ ಇದ್ದರೆ ಮಗು ಕೇಳಿದಾಗ ತಡವಾಗುತ್ತದೆ, ಮೊದಲೇ ಕಲಿತುಕೊಳ್ಳಿ.

ಊಟದ ಜಾಗಕ್ಕೆ ನಾನು ಜಾಸ್ತಿ ಸಮಯ ಕೊಡಿ ಅನ್ನುತ್ತೇನೆ. ದಿನಕ್ಕೆ ನಾಲ್ಕೈದು ಸಲ ಬರುತ್ತದೆ, ಯಾರೂ ಎದ್ದು ಓಡುವುದಿಲ್ಲ. ಊಟಕ್ಕೆ "ಕೈ". ಹೌದು, ನಮ್ಮ ಕೈಯ ಹಾಗೇ. ಕೈಯಲ್ಲಿ ಊಟ ಮಾಡುವ ನಮ್ಮ ಮಕ್ಕಳಿಗೆ ಇದು ಮರೆಯುವುದೇ ಇಲ್ಲ. "ಕೆಯಿ ತೆ ಹಿಯಕೈ ಕೊಯೆ?" ಹಸಿವಾಗಿದೆಯಾ? "ಕೆಯಿ ತೆ ಹಿಯೈನು ಕೊಯೆ?" ಬಾಯಾರಿಕೆಯಾ? ಉತ್ತರ "ಆಯೆ" ಅಂದರೆ ಹೂಂ, "ಕಾವೊ" ಅಂದರೆ ಊಹೂಂ. ಬಡಿಸುವಾಗ "ಹೆ ವೈ ಮಾವು?" ನಿನಗೆ ನೀರು ಬೇಕಾ? "ವೈ" ತೆಗೆದು ಏನು ಬೇಕಾದರೂ ಹಾಕಿ. ಮಿರಕ ಅಂದರೆ ಹಾಲು, ಪನನ ಅಂದರೆ ಬಾಳೆಹಣ್ಣು, ರೈಹಿ ಅಂದರೆ ಅನ್ನ. ರಾಗಿ ಮುದ್ದೆಗೂ ಸಾರಿಗೂ ಪದ ಹುಡುಕಬೇಡಿ. "ಹೆ ದೋಸೆ ಮಾವು?" ಅನ್ನಿ. ದೋಸೆ ದೋಸೆಯಾಗೇ ಇರಲಿ. ಇನ್ನೂ ಬೇಕಾದರೆ "ಅನೋ", ಅಂದರೆ ಇನ್ನೊಮ್ಮೆ. ಮುಗಿಯಿತಾ ಅಂತ ಕೇಳಲು "ಕುವ ಮುತು?". ತಟ್ಟೆ ಖಾಲಿಯಾದರೆ "ಕುವ ಪವು!", ಎಲ್ಲಾ ಖಾಲಿ. ನಮ್ಮ ಒಂದೂವರೆ ವರ್ಷದ ಮಗ ಕನ್ನಡದ "ಖಾಲಿ"ಯನ್ನೂ ಇದನ್ನೂ ಒಂದೇ ವಾರದಲ್ಲಿ ಹೇಳಿದ. ಎರಡಕ್ಕೂ ಕೈ ತಿರುಗಿಸುವ ಅಭಿನಯ ಒಂದೇ.

ಬೆಳಗ್ಗೆ "ಮೋರೆನ", ರಾತ್ರಿ "ಪೋ ಮಾರಿಯೆ". "ಕೆಯಿ ತೆ ಙೆಙೆ ಕೊಯೆ?" ಸುಸ್ತಾಯಿತಾ? ಹಾಸಿಗೆಯ ಹತ್ತಿರ ನಾನು ಇಷ್ಟಕ್ಕೇ ನಿಲ್ಲಿಸುತ್ತೇನೆ. ಕಥೆ ಕನ್ನಡದ್ದು.

ಆಜ್ಞೆಯ ಒಂದು ಗುಟ್ಟು

"ಎ ನೊಹೊ", ಕೂತ್ಕೋ. "ಎ ತೂ", ನಿಂತ್ಕೋ. "ಎ ಒಹೊ", ಏಳು, ಎಚ್ಚರವಾಗು. "ಎ ಮೊಯೆ", ಮಲಗು. ಆದರೆ "ತಿತಿರೊ", ನೋಡು. "ಫಕರೊಙೊ", ಕೇಳಿಸಿಕೋ. "ಹಯೆರೆ ಮೈ", ಬಾ. ಕೆಲವಕ್ಕೆ ಮುಂದೆ ಎ ಇದೆ, ಕೆಲವಕ್ಕಿಲ್ಲ. ಯಾಕೆ ಅಂತ ನನಗೆ ತುಂಬಾ ದಿನ ಹೊಳೆಯಲಿಲ್ಲ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಕ್ರಿಯಾಪದ ಎರಡು ಮಾತ್ರೆಯದಾದರೆ ಮುಂದೆ ಎ ಸೇರುತ್ತದೆ. ತೂ ಒಂದು ಗುರು, ನೊಹೊ ಎರಡು ಲಘು. ತಿತಿರೊ ಮೂರು ಲಘು, ಅದಕ್ಕೆ ಎ ಬೇಡ. ಅಷ್ಟೇ.

ಇನ್ನೊಂದು, ಏನನ್ನಾದರೂ ತೊಳಿ, ತೆಗಿ, ಮುಚ್ಚು ಅನ್ನುವಾಗ ಕ್ರಿಯಾಪದಕ್ಕೆ ಒಂದು ಬಾಲ ಬರುತ್ತದೆ. ಹೊರೊಯಿ ಹೋಗಿ ಹೊರೊಯಿಯ, ತಙೊ ಹೋಗಿ ತಙೊಹಿಯ. ಯಾವುದಕ್ಕೆ ಯಾವ ಬಾಲ ಅಂತ ನಿಯಮ ಹುಡುಕುತ್ತಾ ಕೂರಬೇಡಿ. ಮಗು ಕಲಿಯುವ ಹಾಗೆ ಇಡೀ ವಾಕ್ಯ ನುಂಗಿಬಿಡಿ.

ಬೇಡ ಅನ್ನಲು "ಕೌವ ಎ". "ಕೌವ ಎ ಒಮ", ಓಡಬೇಡ. ಜೋಪಾನ ಅನ್ನಲು "ಕಿಯ ತೂಪತೊ".

ಬೈಗುಳದ ಭಾಷೆ ಆಗದಿರಲಿ

ಇದನ್ನು ನಾನು ತಡವಾಗಿ ಕಲಿತೆ. ಆರು ತಿಂಗಳಾದ ಮೇಲೆ ಒಂದು ದಿನ ನಾನು ಮಾವೊರಿಯಲ್ಲಿ ಬಾಯಿ ತೆರೆದ ಕೂಡಲೇ ಮಗಳ ಮುಖ ಸಪ್ಪಗಾಯಿತು. ಯೋಚನೆ ಮಾಡಿದರೆ, ನಾನು ಆ ಭಾಷೆಯಲ್ಲಿ ಹೇಳುತ್ತಿದ್ದದ್ದೆಲ್ಲಾ ಕೂತ್ಕೋ, ತೊಳಿ, ಬೇಗ, ಓಡಬೇಡ. ಬರೀ ಆಜ್ಞೆ. ಮಗುವಿಗೆ ಅದು ಅಮ್ಮನ ಗದರಿಕೆಯ ಭಾಷೆಯಾಗಿತ್ತು. ತುಂಬಾ ಬೇಜಾರಾಯಿತು.

ಅವತ್ತಿನಿಂದ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಒಂದು ಆಜ್ಞೆ ಹೇಳಿದರೆ ಹಿಂದೆಯೇ ಒಂದು ಒಳ್ಳೆಯ ಮಾತು. ಶೂ ತೆಗೆದಳಾ? "ಕ ಪೈ!" ಭೇಷ್. ತುಂಬಾ ಚೆನ್ನಾಗಿ ಮಾಡಿದರೆ "ತಿನೊ ಪೈ" ಅಥವಾ "ಕ ಮೌ ತೆ ವೆಹಿ!" ಬಿದ್ದು ಅಳುತ್ತಾ ಬಂದರೆ "ಅಫಿ ಮೈ", ಬಾ, ತಬ್ಬಿಕೋ. "ಕೆಯಿ ತೆ ಪೋವುರಿ ಕೊಯೆ?" ಬೇಜಾರಾಗಿದೆಯಾ? ನಾನು ತಪ್ಪು ಮಾಡಿದಾಗ "ಅರೊಹ ಮೈ", ಕ್ಷಮಿಸು. ಅರೊಹ ಅಂದರೆ ಪ್ರೀತಿ, ಕರುಣೆ, ಎರಡೂ. ಮಗಳನ್ನು "ಎ ಹಿನೆ", ಮಗನನ್ನು "ಎ ತಮ" ಅಂತ ಕರೆಯುವುದು ನನಗಿಷ್ಟ. ನಮ್ಮ ಪುಟ್ಟಿ, ಮರಿ ಇದ್ದಂತೆ ಕಿವಿಗೆ ಹಿತ.

ಮಗುವಿಗೆ ಪ್ರಶ್ನೆ ಕೇಳುವ ಅಧಿಕಾರ ಕೊಡಿ

ಎರಡು ವರ್ಷದ ಮಗು ದಿನವಿಡೀ "ಇದೇನು?" ಅಂತ ಕೇಳುತ್ತದೆ. "ಹೆ ಅಹ ತೇನೆಯಿ?" ಕಲಿಸಿಬಿಡಿ, ಮುಂದಿನ ಕೆಲಸ ಅದೇ ಮಾಡಿಸುತ್ತದೆ. ನಮಗೆ ಇದು, ಅದು ಎರಡೇ. ಅವರಿಗೆ ಮೂರು. ನನ್ನ ಹತ್ತಿರ ಇರುವುದು "ತೇನೆಯಿ", ನಿನ್ನ ಹತ್ತಿರ ಇರುವುದು "ತೇನಾ", ಇಬ್ಬರಿಂದಲೂ ದೂರ ಇರುವುದು "ತೇರಾ". ಒಂದು ಚೆಂಡು ಹಿಡಿದು ಎಸೆದಾಡಿದರೆ ಐದು ನಿಮಿಷದಲ್ಲಿ ಬರುತ್ತದೆ. ಉತ್ತರ "ಹೆ" ಹಾಕಿ ಹೇಳಿದರೆ ಸಾಕು. "ಹೆ ಮನು", ಹಕ್ಕಿ. "ಹೆ ಙೆರು", ಬೆಕ್ಕು. "ಹೆ ಕುರೀ", ಅದು ನಾಯಿ. ಕುರಿಗೆ "ಹಿಪಿ". ಎಲ್ಲಿ ನೋಡಿದರೂ ಕುರಿ ಇರುವ ಈ ದೇಶದಲ್ಲಿ ನಮ್ಮ ಮಕ್ಕಳಿಗೆ ಇದು ಸ್ವಲ್ಪ ದಿನ ಗೊಂದಲ. ಇನ್ನೊಂದು ಗೊಂದಲ "ಮಾಮಾ". ಇಲ್ಲಿ ಅದು ಅಮ್ಮ. ನನ್ನ ತಮ್ಮ ಫೋನ್ ಮಾಡಿದಾಗ ಮಗ ನನ್ನ ಕಡೆ ನೋಡುತ್ತಿದ್ದ. ಗಾಬರಿಯಾಗಬೇಡಿ, ಮಕ್ಕಳು ಯಾರ ಬಾಯಿಂದ ಯಾವ ಭಾಷೆ ಬರುತ್ತದೆ ಅಂತ ಬೇಗ ಬೇರೆ ಮಾಡಿಕೊಳ್ಳುತ್ತಾರೆ.

ಬಣ್ಣಗಳನ್ನು ಹೊರಗೆ ಹೋದಾಗ ಕಲಿಸಿ. ಹಳದಿ "ಕೋಫೈ", ಅದು ವಸಂತದಲ್ಲಿ ಹಳದಿ ಹೂ ಬಿಡುವ ಮರದ ಹೆಸರೂ ಹೌದು. ಹಸಿರು "ಕಾಕಾರಿಕಿ", ಅದು ಇಲ್ಲಿನ ಪುಟ್ಟ ಗಿಳಿಯ ಹೆಸರೂ ಹೌದು. ಕಾರಿನಲ್ಲಿ ಹೋಗುವಾಗ ಊರಿನ ಬೋರ್ಡುಗಳನ್ನು ಸರಿಯಾಗಿ ಓದುವ ಆಟ ಆಡಿ. ಪಪತೊಯೆತೊಯೆ, ಓತಾಹುಹು, ತೌರಙ, ತೌಪೋ. ಆಕ್ಲೆಂಡಿನಲ್ಲಿರುವ ನಮ್ಮವರು ಎಷ್ಟೋ ಜನ ಪಪತೊಯೆತೊಯೆಯಲ್ಲೇ ವಾಸ, ಹೆಸರು ಮಾತ್ರ ಅರ್ಧಕ್ಕೆ ನುಂಗುತ್ತಾರೆ. ಸುಮ್ನೆ ಊರ ಹೆಸರು ಪೂರ್ತಿ ಹೇಳುವುದೂ ಒಂದು ಪಾಠವೇ.

ಎಣಿಕೆ, ಮತ್ತೆ "ನಾವು"

ಮೆಟ್ಟಿಲು ಹತ್ತುವಾಗ ಎಣಿಸಿ. ತಹಿ, ರುವ, ತೊರು, ಫಾ, ರಿಮ, ಒನೊ, ಫಿತು, ವರು, ಇವ, ತೆಕೌ. ಹತ್ತರ ಮೇಲೆ "ತೆಕೌ ಮಾ ತಹಿ", ಹತ್ತು ಮತ್ತು ಒಂದು. ನೂರರವರೆಗೂ ಇದೇ ಕ್ರಮ.

ನಾವು ಎರಡು ಪುಸ್ತಕ ಅನ್ನುತ್ತೇವೆ, ಆದರೆ ಇಬ್ಬರು ಮಕ್ಕಳು ಅನ್ನುತ್ತೇವೆ. ಮಾವೊರಿಯಲ್ಲೂ ಹೀಗೇ ಇದೆ. ಎರಡರಿಂದ ಒಂಬತ್ತರವರೆಗೆ ಜನರನ್ನು ಎಣಿಸುವಾಗ ಮುಂದೆ "ತೊಕೊ" ಸೇರಿಸುತ್ತಾರೆ. ತೊಕೊರುವ ಅಂದರೆ ಇಬ್ಬರು. ಇಂಗ್ಲಿಷಿನ ಮೂಲಕ ಕಲಿತರೆ ಇದು ಹೊಸ ವಿಷಯ, ಕನ್ನಡದ ಮೂಲಕ ಕಲಿತರೆ ಹಳೇ ಪರಿಚಯ. ಸಂಬಂಧಗಳಲ್ಲೂ ಹಾಗೇ, ದೊಡ್ಡವರು ಚಿಕ್ಕವರು ಅನ್ನುವುದು ಮುಖ್ಯ. ಅಕ್ಕನಿಗೆ ತಂಗಿ "ತುವಕನ" ಅನ್ನುತ್ತಾಳೆ, ತಂಗಿ ಅವಳಿಗೆ "ತೆಯಿನ". ಅಣ್ಣ ತಮ್ಮಂದಿರ ನಡುವೆಯೂ ಇದೇ ಪದಗಳು. ಅಕ್ಕ ತಮ್ಮ, ಅಣ್ಣ ತಂಗಿ ಆದಾಗ ಪದ ಬೇರೆ.

ನಾವು ತಪ್ಪುವುದು ಬೇರೆ ಕಡೆ. ನೀನು ಅನ್ನಲು "ಕೊಯೆ", ನೀವಿಬ್ಬರು "ಕೋರುವ", ಮೂರು ಅಥವಾ ಹೆಚ್ಚು ಜನಕ್ಕೆ "ಕೌತೌ". ದೊಡ್ಡವರಿಗೆ ಗೌರವ ಕೊಡಬೇಕು ಅಂತ ಒಬ್ಬರೇ ಇದ್ದಾಗ ಬಹುವಚನ ಹಾಕಲು ಹೋಗಬೇಡಿ. ನಮ್ಮ ನೀವು ಇಲ್ಲಿ ಕೆಲಸ ಮಾಡುವುದಿಲ್ಲ. ಒಬ್ಬರೇ ಅಜ್ಜಿ ಇದ್ದರೆ "ತೇನಾ ಕೊಯೆ". ಗೌರವ ಇರುವುದು ಕರೆಯುವ ರೀತಿಯಲ್ಲಿ. ಹೆಣ್ಣು ಟೀಚರಿಗೆ, ಅಮ್ಮನ ವಯಸ್ಸಿನವರಿಗೆ "ಫಯೆಯ", ಗಂಡಸರಿಗೆ "ಮತುವ", ಅಜ್ಜನಿಗೆ "ಕೊರೊ". ಮಕ್ಕಳಿಗೆ ಇದನ್ನು ಖಂಡಿತ ಕಲಿಸಿ.

"ನಾವು" ಅನ್ನಲು ಇಂಗ್ಲಿಷಿನಲ್ಲಿ ಒಂದೇ ಪದ, ನಮ್ಮಲ್ಲೂ ಒಂದೇ. ತುಳು ಬರುವವರಿಗೆ ಮಾತ್ರ ಇದು ಕೂಡಲೇ ಗೊತ್ತಾಗುತ್ತದೆ: ನಮ ಬೇರೆ, ಎಂಕುಲು ಬೇರೆ. ಮೂರು ಅಥವಾ ಹೆಚ್ಚು ಜನ ಇರುವಾಗ, ಕೇಳುವವರೂ ಸೇರಿದರೆ "ತಾತೌ", ಅವರನ್ನು ಬಿಟ್ಟು ನಾವು ಮಾತ್ರ ಆದರೆ "ಮಾತೌ". ಮನೆಯವರೆಲ್ಲಾ ಹೊರಡುವಾಗ "ಮೆ ಹಯೆರೆ ತಾತೌ", ಹೋಗೋಣ. ಹೀಗೆ ಎಲ್ಲರ ಜೊತೆಗೆ ಮಗುವನ್ನೂ ಕರೆಯುವ ಮಾತಿಗೆ ತಾತೌ. ತಪ್ಪಿ ಮಾತೌ ಅಂದರೆ ಮಗುವನ್ನು ಮನೆಯಲ್ಲೇ ಬಿಟ್ಟ ಹಾಗಾಗುತ್ತದೆ.

ದಿಂಬಿನ ಮೇಲೆ ಕೂರಬೇಡ

ಭಾಷೆಯ ಜೊತೆ ಪದ್ಧತಿಯೂ ಬರಲಿ. ಅದಕ್ಕೆ "ತಿಕಙ" ಅನ್ನುತ್ತಾರೆ. ಊಟದ ಮೇಜಿನ ಮೇಲೆ ಕೂರಬಾರದು. ದಿಂಬಿನ ಮೇಲೆ ಕೂರಬಾರದು, ಅದು ತಲೆ ಇಡುವ ಜಾಗ. ತಲೆ "ತಪು", ಪವಿತ್ರ, ಸುಮ್ಮನೆ ಮುಟ್ಟಬಾರದು. ಟೋಪಿ, ಬಾಚಣಿಗೆ ಊಟದ ಮೇಜಿನ ಮೇಲೆ ಇಡಬಾರದು. ಪಾತ್ರೆ ಒರೆಸುವ ಬಟ್ಟೆಯನ್ನು ಮೈಬಟ್ಟೆಯ ಜೊತೆ ಒಗೆಯಬಾರದು. ಮಲಗಿದವರನ್ನು ದಾಟಬಾರದು. ಓದುತ್ತಾ ಹೋದರೆ ನನಗೆ ನಮ್ಮಜ್ಜಿಯ ದನಿಯೇ ಕೇಳಿಸುತ್ತದೆ. ಎಷ್ಟೋ ನಿಯಮಗಳನ್ನು ನಾವು ಮಕ್ಕಳಿಗೆ ಆಗಲೇ ಕನ್ನಡದಲ್ಲಿ ಹೇಳುತ್ತಿದ್ದೇವೆ. ಕಾರಣಗಳು ಪೂರ್ತಿ ಒಂದೇ ಅಲ್ಲ, ಮಾವೊರಿ ಕಾರಣವನ್ನು ಅವರಿಂದಲೇ ಕೇಳಿ ತಿಳಿದುಕೊಳ್ಳಿ.

ಒಂದು ಕಡೆ ಮಾತ್ರ ಹುಷಾರು. ಕಿಂಡರ್‌ಗಾರ್ಟನ್‌ನಲ್ಲಿ ಮಕ್ಕಳು ತಮ್ಮ ಪರಿಚಯ ಹೇಳುವುದನ್ನು ಕಲಿಯುತ್ತಾರೆ. ಮಾವೊರಿಗಳು ತಮ್ಮ ಬೆಟ್ಟ, ತಮ್ಮ ನದಿಯ ಹೆಸರು ಹೇಳಿ ಶುರು ಮಾಡುತ್ತಾರೆ. ಆ ಬೆಟ್ಟ ನದಿ ಅವರಿಗೆ ಹಿರಿಯರಿದ್ದ ಹಾಗೆ. ನಾವಿಲ್ಲಿ ಬಾಡಿಗೆ ಮನೆ ಹಿಡಿದ ಮಾತ್ರಕ್ಕೆ ವೈಕತೊ ನದಿ ನನ್ನದು ಅಂತ ಹೇಳುವುದು ನನಗೆ ಸರಿ ಕಾಣುವುದಿಲ್ಲ. ನಾವು ಮಗಳಿಗೆ ಕಲಿಸಿರುವುದು "ನೋ ಈನಿಯ ಓಕು ಮಾತುವ", ನನ್ನ ಅಪ್ಪ ಅಮ್ಮ ಭಾರತದವರು. ಆಮೇಲೆ "ಕೆಯಿ ಕಿರಿಕಿರಿರೊವ ಅಹೌ ಎ ನೊಹೊ ಅನ", ನಾನಿರುವುದು ಕಿರಿಕಿರಿರೊವದಲ್ಲಿ. ನಿಮ್ಮ ಮಗುವಿನ ಟೀಚರಿಗೆ ಬೇರೆ ರೀತಿ ಸರಿ ಅನಿಸಿದರೆ ಅವರ ಮಾತು ಕೇಳಿ.

ಮತರಿಕಿ ಹಬ್ಬವನ್ನು ಮಾತ್ರ ಬಿಡಬೇಡಿ. 2022ರಿಂದ ಅದು ದೇಶದ ರಜಾದಿನ. ಚಳಿಗಾಲದ ನಸುಕಿನಲ್ಲಿ ಕಾಣುವ ಆ ನಕ್ಷತ್ರಗುಂಪು ನಮ್ಮ ಕೃತ್ತಿಕೆ. ಬೆಳಗ್ಗೆ ಬೇಗ ಎಬ್ಬಿಸಿ, ಕಂಬಳಿ ಹೊದಿಸಿ, ಹೊರಗೆ ಕರೆದುಕೊಂಡು ಹೋಗಿ, ಎರಡೂ ಹೆಸರು ಹೇಳಿ ತೋರಿಸಿ.

ಮಗು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೆ?

ಕೊಡುತ್ತದೆ. ಕನ್ನಡಕ್ಕೂ ಹಾಗೇ ಮಾಡುತ್ತದಲ್ಲ. "ಮಾವೊರಿಯಲ್ಲಿ ಹೇಳು" ಅಂತ ಒತ್ತಾಯ ಮಾಡಬೇಡಿ, ನೆಂಟರ ಮುಂದೆ ಹೇಳಿಸಿ ತೋರಿಸಬೇಡಿ. ಮಗು "ವಾಟರ್"  ಅಂದರೆ "ವೈ? ಹೆ ವೈ ಮಾವು?" ಅಂತ ಹೇಳುತ್ತಾ ಲೋಟ ಕೊಡಿ. ಅಷ್ಟು ಸಾಕು. ಉತ್ತರ ತಿಂಗಳುಗಟ್ಟಲೆ ಬರದೇ ಇರಬಹುದು. ಅರ್ಥ ಆಗುತ್ತಿದೆಯಾ ಅಂತ ಮಾತ್ರ ನೋಡಿ. "ತಙೊಹಿಯ ಓ ಹೂ" ಅಂದಾಗ ಕೈ ಶೂ ಕಡೆ ಹೋದರೆ ಕೆಲಸ ನಡೆಯುತ್ತಿದೆ.

ಮಗು ನಿಮ್ಮನ್ನು ತಿದ್ದಿದರೆ ತಿದ್ದಿಸಿಕೊಳ್ಳಿ. ಅದಕ್ಕೆ ಟೀಚರಿನ ಉಚ್ಚಾರಣೆ ದಿನವೂ ಕಿವಿಗೆ ಬೀಳುತ್ತದೆ, ನಿಮಗಿಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರಿಗಾದರೂ ಕ್ಲಾಸಿಗೆ ಹೋಗಲು ಆದರೆ ಹೋಗಿ. "ತೆ ವಾನಙ ಒ ಅವೊತೆಯರೊವ" ಅನ್ನುವ ಸಂಸ್ಥೆ ಮಾವೊರಿ ಕಲಿಸುತ್ತದೆ, ಅದರ ಎಷ್ಟೋ ಕೋರ್ಸುಗಳಿಗೆ ಫೀಸಿಲ್ಲ. ಲೈಬ್ರರಿಯಲ್ಲಿ ಮಕ್ಕಳ ಮಾವೊರಿ ಪುಸ್ತಕಗಳ ಕಪಾಟು ಎಲ್ಲಿದೆ ಅಂತ ಕೇಳಿ, ದಪ್ಪ ರಟ್ಟಿನ ಪುಟಗಳಿರುವ, ಪುಟಕ್ಕೆ ಒಂದೇ ವಾಕ್ಯ ಇರುವ ಪುಸ್ತಕ ಮೊದಲು ತನ್ನಿ. ಪ್ರತಿ ಸೆಪ್ಟೆಂಬರಿನಲ್ಲಿ ಮಾವೊರಿ ಭಾಷಾ ವಾರ ಬರುತ್ತದೆ. ಹೊಸ ಜಾಗ ಹಿಡಿಯಲು ಅದು ಒಳ್ಳೆಯ ಸಮಯ, ಎಲ್ಲ ಕಡೆ ಅದೇ ಮಾತು ಕೇಳಿಸುತ್ತಿರುತ್ತದೆ.

ಚೀಟಿಗಳನ್ನು ಮಾತ್ರ ವರ್ಷಗಟ್ಟಲೆ ಬಿಡಬೇಡಿ, ಗೋಡೆಯ ಬಣ್ಣದ ಹಾಗೆ ಕಣ್ಣಿಗೆ ಕಾಣುವುದೇ ನಿಂತುಹೋಗುತ್ತದೆ. ಮಾತು ನಾಲಿಗೆಗೆ ಬಂದ ದಿನ ಮಗುವಿನ ಕೈಯಲ್ಲೇ ಚೀಟಿ ಕೀಳಿಸಿ, ಹೊಸದನ್ನು ಬೇರೆ ಜಾಗದಲ್ಲಿ ಅಂಟಿಸಿ. ಬಾಗಿಲಿನ ಚೀಟಿ ನಮ್ಮ ಮನೆಯಲ್ಲಿ ಯಾವತ್ತೋ ಹೋಯಿತು. ಈ ವಾರ ಇರುವುದು ಫ್ರಿಜ್ಜಿನ ಮೇಲೆ: "ಕತಿಯ ತೆ ತತೌ", ಬಾಗಿಲು ಮುಚ್ಚು. ಇದನ್ನು ಜಾಸ್ತಿ ಕೇಳಿಸಿಕೊಳ್ಳುತ್ತಿರುವುದು ಮಕ್ಕಳಲ್ಲ, ಅವರಪ್ಪ.